ಎರಡು ರೈಲುಗಳ ನಡುವಿನ ಮಾಟುಂಗ

ನಮ್ಮ ಧಾರವಾಡದ ಕಡೆ ಯಾವುದಕ್ಕೆ ರೊಕ್ಕ ಕೊಟ್ಟರೂ ಅದು ‘ವಸೂಲ್’ ಆಯಿತೋ ಇಲ್ಲವೋ ಎಂದು ಕೇಳುವವರು ಮನೆಗೊಬ್ಬರಾದರೂ ಇರುತ್ತಾರೆ. ಸಿನಿಮಾ ನೋಡಿ ಬಂದರೂ ಅದೇ ಪ್ರಶ್ನೆ, ತಿರುಪತಿಗೆ ಹೋಗಿ ಬಂದರೂ ಅದೇ. ನಾನೂ ಅದೇ ನೀರು ಕುಡಿದು ಬೆಳೆದವಳು. ಎರಡು ವರ್ಷಗಳ ಹಿಂದೆ, ಆಗ ಐದು ವರ್ಷದವಳಾಗಿದ್ದ ಮಗಳನ್ನು ಕರೆದುಕೊಂಡು ಗುಜರಾತಿನಲ್ಲಿರುವ ತಂಗಿಯ ಮನೆಗೆ ಹೊರಟಾಗ ನೇರ ಗಾಡಿಗೆ ಟಿಕೆಟ್ ಸಿಗಲಿಲ್ಲ. ಮುಂಬಯಿಯಲ್ಲಿ ಇಳಿದು ಗಾಡಿ ಬದಲಿಸಬೇಕಾಯಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮಾರು ಹತ್ತು ಗಂಟೆ ಕೈಯಲ್ಲಿತ್ತು. ಅಷ್ಟನ್ನೂ ವಸೂಲು ಮಾಡಿಯೇ ತೀರುವುದೆಂದು ಟ್ಯಾಕ್ಸಿ ಮಾಡಿದೆ. ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಹ್ಯಾಂಗಿಂಗ್ ಗಾರ್ಡನ್, ರಾಣಿ ಬಾಗ್ ಮೃಗಾಲಯದ ಪೆಂಗ್ವಿನ್, ಎಲ್ಲವೂ ಆದವು. ಮೊಬೈಲಿನಲ್ಲಿ ರಾಶಿ ಫೋಟೋ ಉಳಿದವು. ಪ್ರತಿಯೊಂದರಲ್ಲೂ ಹಿಂದಿನ ಕಟ್ಟಡ ಬೇರೆ, ಮುಂದಿನ ಮುಖ ಮಾತ್ರ ಒಂದೇ: ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿರುವ ಮುಖ.

ತಿಂಗಳ ಮೇಲೆ ಯಾರೋ ಅವಳನ್ನು ಮುಂಬಯಿಯಲ್ಲಿ ಏನು ನೋಡಿದೆ ಎಂದು ಕೇಳಿದರು. ಟ್ಯಾಕ್ಸಿಯ ಒಳಛಾವಣಿಗೆ ಹೂವಿನ ಚಿತ್ತಾರದ ರೆಕ್ಸಿನ್ ಅಂಟಿಸಿದ್ದರು ಎಂದಳು. ಅಷ್ಟೇ. ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದಾಗ ಅವಳ ಉತ್ತರ ಸರಿಯಾಗಿಯೇ ಇತ್ತು. ಆ ದಿನ ಅವಳು ಅತಿ ಹೆಚ್ಚು ಹೊತ್ತು ನೋಡಿದ್ದು ಅದನ್ನೇ. ನನ್ನ ಮಡಿಲಲ್ಲಿ ಮಲಗಿ, ಸಿಗ್ನಲಿನಿಂದ ಸಿಗ್ನಲಿಗೆ.

ಈ ವರ್ಷ ಮತ್ತೆ ಅದೇ ಪ್ರಯಾಣ ಬಂತು, ಅದೇ ಬಿಡುವು ಸಿಕ್ಕಿತು. ಈ ಸಲ ನಾವು ದಾದರಿನಿಂದ ಒಂದೇ ನಿಲ್ದಾಣ ಮುಂದೆ ಹೋಗಿ ಮಾಟುಂಗದಲ್ಲಿ ಇಳಿದೆವು, ಸಂಜೆಯವರೆಗೆ ಅಲ್ಲೇ ಇದ್ದೆವು. ಹೀಗೆ ಮಾಡಿದ್ದನ್ನು ಕೇಳಿದವರೆಲ್ಲ ‘ಮುಂಬಯಿಗೆ ಹೋಗಿ ಇಡ್ಲಿ ತಿಂದು ಬಂದೆಯಾ?’ ಎಂದು ನಕ್ಕಿದ್ದಾರೆ. ಅವರಿಗೆ ಸಾವಕಾಶವಾಗಿ ಉತ್ತರ ಹೇಳಬೇಕೆನಿಸಿದೆ.

ಮೊದಲು ಲೆಕ್ಕ. ಹತ್ತು ಗಂಟೆಯ ಬಿಡುವು ಎಂಬುದು ಹತ್ತು ಗಂಟೆಯಲ್ಲ. ಗಾಡಿ ತಡವಾಗಿ ಬರುತ್ತದೆ. ಕ್ಲೋಕ್‌ರೂಮಿನಲ್ಲಿ ಚೀಲ ಇಡಬೇಕು. ಬೀಗ ಇಲ್ಲದ ಚೀಲ ತೆಗೆದುಕೊಳ್ಳುವುದಿಲ್ಲ, ಟಿಕೆಟ್ ತೋರಿಸಬೇಕು. ವೇಟಿಂಗ್ ರೂಮಿನಲ್ಲಿ ಮುಖ ತೊಳೆದು, ಮಗುವಿನ ಅಂಗಿ ಬದಲಿಸಿ, ತಲೆ ಬಾಚಿ ಹೊರಬೀಳುವಷ್ಟರಲ್ಲಿ ಒಂದು ತಾಸು. ಮುಂದಿನ ಗಾಡಿಗೆ ಒಂದು ತಾಸು ಮುಂಚೆ ತಲುಪದಿದ್ದರೆ ನನ್ನಂಥವಳಿಗೆ ಎದೆ ಬಡಿದುಕೊಳ್ಳುತ್ತದೆ. ಎರಡು ಹೊತ್ತಿನ ತಿನ್ನುವುದು ಕುಡಿಯುವುದು, ಎರಡು ಮೂರು ಸಲ ಶೌಚಾಲಯ ಹುಡುಕುವುದು (ಮಗುವಿನೊಂದಿಗೆ ಊರು ತಿರುಗಿದವರಿಗೆ ಗೊತ್ತು, ದಿನದ ನಿಜವಾದ ನಕ್ಷೆಯನ್ನು ಬರೆಯುವುದು ಇದೇ), ಮಧ್ಯಾಹ್ನದ ಜೋಂಪು. ಇಷ್ಟು ಕಳೆದರೆ ಉಳಿಯುವುದು ನಾಲ್ಕು ಗಂಟೆ. ಆ ನಾಲ್ಕರಲ್ಲಿ ದಕ್ಷಿಣ ಮುಂಬಯಿಗೆ ಹೋಗಿ ಬರುವುದಕ್ಕೇ ಎರಡು. ಕಟ್ಟಡ ನೋಡಲು ಉಳಿದಷ್ಟೇ ಹೊತ್ತು ರೆಕ್ಸಿನ್ ನೋಡಲೂ ಹೋಗುತ್ತದೆ.

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಐದೂವರೆ ಗಂಟೆಗಿಂತ ಹೆಚ್ಚು ಬಿಡುವಿರುವ ಪ್ರಯಾಣಿಕರಿಗೆ ಎರಡೂವರೆ ಗಂಟೆಯ ಉಚಿತ ಬಸ್ ಪ್ರವಾಸವಿದೆ. ಅಚ್ಚುಕಟ್ಟಾದ ಏರ್ಪಾಡು, ಹತ್ತಿಸಿಕೊಳ್ಳುತ್ತಾರೆ, ತೋರಿಸುತ್ತಾರೆ, ತಂದು ಬಿಡುತ್ತಾರೆ. ಒಂಟಿಯಾಗಿ ಹೋದ ದೊಡ್ಡವರಿಗೆ ಅದು ಒಳ್ಳೆಯದೇ. ಆದರೆ ಅದರ ಹಿಂದಿನ ನಂಬಿಕೆ, ಊರೆಂದರೆ ನೋಡಬೇಕಾದ ಸ್ಥಳಗಳ ಪಟ್ಟಿ ಎಂಬುದು, ಚಿಕ್ಕ ಮಕ್ಕಳ ವಿಷಯದಲ್ಲಿ ಎಡವುತ್ತದೆ. ‘ಪ್ರಸಿದ್ಧ’ ಎಂಬ ಮಾತಿನ ಅರ್ಥ ಏಳು ವರ್ಷದ ಹುಡುಗಿಗೆ ತಿಳಿಯದು. ಗೇಟ್‌ವೇ ಏಕೆ ದೊಡ್ಡದು ಎನ್ನಲು ಅರಸ ಯಾರು, ಹಡಗು ಯಾವುದು, ಆಳಿದವರು ಯಾರು, ಹೋದವರು ಯಾರು ಎಂಬ ಕಥೆ ಮೊದಲೇ ತಲೆಯಲ್ಲಿರಬೇಕು. ಅದಿಲ್ಲದ ಮಗುವಿಗೆ ಅದು ಪಾರಿವಾಳಗಳು ಕೂರುವ ಒಂದು ದೊಡ್ಡ ಬಾಗಿಲು. ಮಗು ಪಾರಿವಾಳ ನೋಡುತ್ತದೆ, ನಾವು ಅದರ ಗದ್ದ ಹಿಡಿದು ಬಾಗಿಲಿನ ಕಡೆ ತಿರುಗಿಸುತ್ತೇವೆ.

1970ರ ದಶಕದಲ್ಲಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಯುನೆಸ್ಕೋದ ಪರವಾಗಿ ಬೇರೆ ಬೇರೆ ದೇಶಗಳ ಹರೆಯದ ಮಕ್ಕಳ ಅಧ್ಯಯನವೊಂದನ್ನು ನಡೆಸಿದ. ನೀವಿರುವ ಜಾಗದ ನಕ್ಷೆ ಬರೆಯಿರಿ ಎಂದು ಮಕ್ಕಳಿಗೆ ಹೇಳಿದರು. ಮೆಲ್ಬೋರ್ನಿನ ಹೊರವಲಯದ ಮಕ್ಕಳಿಗೆ ಮೈದಾನಗಳಿದ್ದವು, ಸೌಕರ್ಯಗಳಿದ್ದವು. ಆದರೂ ಬೇಸರ ಎಂದರು. ಆರ್ಜೆಂಟೀನಾದ ಸಾಲ್ಟಾ ಪಟ್ಟಣದ ಬಡ ಬಡಾವಣೆಯೊಂದರ ಮಕ್ಕಳು ತಮ್ಮ ಜಾಗವನ್ನು ಕೊಂಡಾಡಿದರು. ಅಲ್ಲಿ ಮರಗಳಿದ್ದವು, ಬಡಾವಣೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂಬುದು ಸ್ಪಷ್ಟವಿತ್ತು, ನಡೆದೇ ಎಲ್ಲ ಕಡೆ ಹೋಗಬಹುದಿತ್ತು, ಗುರುತಿನ ಜನರಿದ್ದರು. ಅವರು ನನ್ನ ಮಗಳಿಗಿಂತ ದೊಡ್ಡವರು, ಆ ಊರಿನಲ್ಲೇ ಬದುಕುವವರು. ನಾಲ್ಕು ಗಂಟೆಯ ಅತಿಥಿಗೆ ಆ ಮಾತು ಹಾಗೇ ಅನ್ವಯಿಸುವುದಿಲ್ಲ, ಒಪ್ಪುತ್ತೇನೆ. ಆದರೂ ಅಂಚು ಕಾಣುವ, ಕಾಲಿಗೆ ಎಟಕುವ ಜಾಗವಿರಬೇಕೆಂಬುದು ನನಗೆ ಹಿಡಿಸಿತು. ಅಂಥದ್ದೊಂದು ಜಾಗ ಮುಂಬಯಿಯಲ್ಲಿ, ಅದೂ ನಮ್ಮ ದಾರಿಯಲ್ಲೇ ಇದೆ.

ಮಾಟುಂಗದ ಭೂಗೋಳವೇ ಗಾಡಿ ಬದಲಿಸುವವರಿಗೆಂದು ಹೇಳಿ ಮಾಡಿಸಿದಂತಿದೆ. ಕರ್ನಾಟಕದಿಂದ ಬರುವ ಗಾಡಿಗಳು ನಮ್ಮನ್ನು ಸೆಂಟ್ರಲ್ ರೈಲ್ವೆಯ ಕಡೆ ಇಳಿಸುತ್ತವೆ. ಗುಜರಾತ, ರಾಜಸ್ಥಾನಗಳ ಗಾಡಿಗಳು ಹೆಚ್ಚಾಗಿ ಹೊರಡುವುದು ವೆಸ್ಟರ್ನ್ ರೈಲ್ವೆಯ ಮುಂಬಯಿ ಸೆಂಟ್ರಲ್ಲಿನಿಂದ, ಇಲ್ಲವೆ ಬಾಂದ್ರಾ ಟರ್ಮಿನಸ್ಸಿನಿಂದ. ಈ ಎರಡು ರೈಲ್ವೆಗಳ ಹಳಿಗಳು ದಾದರಿನಲ್ಲಿ ಒಂದನ್ನೊಂದು ಮುಟ್ಟಿದಂತೆ ಮಾಡಿ ಮುಂದೆ ಮೆಲ್ಲಗೆ ದೂರವಾಗುವ ಜಾಗ ಮಾಟುಂಗ. ಪೂರ್ವಕ್ಕೆ ಸೆಂಟ್ರಲ್ಲಿನ ಮಾಟುಂಗ, ಪಶ್ಚಿಮಕ್ಕೆ ವೆಸ್ಟರ್ನಿನ ಮಾಟುಂಗ ರೋಡ್. ನಡುವೆ ಹಳಿಗಳ ಮೇಲೆ ಸೊಟ್ಟಗೆ ತಿರುಗಿ ಹೋಗುವ ಕಾಲುಸೇತುವೆ. ಆಕಾರ ನೋಡಿ ಜನ ಅದನ್ನು ಜೆಡ್ ಬ್ರಿಜ್ ಎನ್ನುತ್ತಾರೆ. ಪಕ್ಕದಲ್ಲೇ ಸೆಂಟ್ರಲ್ ರೈಲ್ವೆಯ ಬೋಗಿ ರಿಪೇರಿಯ ದೊಡ್ಡ ವರ್ಕ್‌ಶಾಪು, ನೂರು ವರ್ಷಕ್ಕೂ ಹಳೆಯದು. ಪೆಂಗ್ವಿನ್ ನೋಡಲು ಕ್ಯೂ ನಿಲ್ಲುವುದಕ್ಕಿಂತ ಈ ಸೇತುವೆಯ ಮೇಲೆ ಅರ್ಧ ಗಂಟೆ ನಿಂತು ಬರುವ ಹೋಗುವ ಗಾಡಿ ಎಣಿಸುವುದು ಮಕ್ಕಳಿಗೆ ಹೆಚ್ಚು ಖುಷಿ ಕೊಡುತ್ತದೆ ಎಂದು ನಾನು ಪಂಥ ಕಟ್ಟಬಲ್ಲೆ. ಟಿಕೆಟ್ ಬೇಕಾಗಿಲ್ಲ. ರಾಣಿ ಬಾಗಿಗೆ ಬುಧವಾರ ರಜೆ. ಸೇತುವೆಗೆ ಯಾವ ವಾರವೂ ರಜೆಯಿಲ್ಲ.

ಇನ್ನು ಫುಟ್‌ಪಾತು. ಮುಂಬಯಿಯಲ್ಲಿ ಮಗುವಿನ ಕೈ ಹಿಡಿದು ಇಬ್ಬರೂ ಪಕ್ಕಪಕ್ಕ ನಡೆಯಬಹುದಾದ ರಸ್ತೆ ಸಿಗುವುದು ಸುಲಭವಲ್ಲ. ಮಾಟುಂಗದಲ್ಲಿ ಸಿಗುವುದಕ್ಕೆ ಕಾರಣ ಪ್ಲೇಗು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಸಾವಿರಾರು ಜನರನ್ನು ಕೊಂದಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಊರಿನ ಉತ್ತರಕ್ಕಿದ್ದ ದಾದರ್, ಮಾಟುಂಗ, ವಡಾಲಾ, ಸಯಾನ್‌ಗಳ ಹೊಲಗದ್ದೆಗಳ ಮೇಲೆ ಅಗಲ ರಸ್ತೆ, ಮರ, ಉದ್ಯಾನ ಇರುವ ಹೊಸ ಬಡಾವಣೆಗಳ ನಕ್ಷೆ ಎಳೆದರು. ಅದು ತುಂಬಲು ಎರಡು ಮೂರು ದಶಕ ಹಿಡಿಯಿತು. ಇಂಗ್ಲಿಷ್, ಟೈಪಿಂಗು, ಲೆಕ್ಕ ಬಲ್ಲ ದಕ್ಷಿಣದ ಗುಮಾಸ್ತರು ಆಗ ಮುಂಬಯಿಯ ಕಚೇರಿಗಳಿಗೆ ಬರುತ್ತಿದ್ದರು. ಹೊಸ ಮನೆಗಳು ಬಾಡಿಗೆಗಿದ್ದವು. ತಮಿಳರು, ಕನ್ನಡಿಗರು, ಮಲಯಾಳಿಗಳು ಇಲ್ಲಿ ನೆಲೆಸಿದರು. ಪಕ್ಕದಲ್ಲೇ ಮಂಚರ್‌ಜಿ ಜೋಶಿಯವರ ಪಟ್ಟಿನಿಂದ ಪಾರ್ಸಿ ಕಾಲನಿ ಎದ್ದಿತು. ಒಂದೊಂದು ರಸ್ತೆಗೆ ಒಂದೊಂದು ಜಾತಿಯ ಮರ ನೆಡಿಸಿದರೆಂದು ಅವರ ಬಗ್ಗೆ ಹೇಳುತ್ತಾರೆ. ಇಂದು ಫೈವ್ ಗಾರ್ಡನ್ಸ್‌ನಲ್ಲಿ ಮಗುವನ್ನು ಓಡಲು ಬಿಟ್ಟು ಬೆಂಚಿನ ಮೇಲೆ ಕಾಲು ಚಾಚುವಾಗ ನಾವು ನೂರು ವರ್ಷಕ್ಕೂ ಹಿಂದಿನ ಒಂದು ದಿಗಿಲಿನ ಫಲ ಉಣ್ಣುತ್ತಿರುತ್ತೇವೆ.

‘ಅವ್ವಾ, ಇಲ್ಲೆ ಆಟೋನ ಕಾಣವಲ್ವು’ ಎಂದು ಮಗಳು ಕಂಡುಹಿಡಿದಳು. ಹೌದು. ಮುಂಬಯಿಯ ಆಟೋಗಳು ಪೂರ್ವದಲ್ಲಿ ಸಯಾನ್, ಪಶ್ಚಿಮದಲ್ಲಿ ಬಾಂದ್ರಾದ ಗಡಿ ದಾಟಿ ಒಳಗೆ ಬರುವಂತಿಲ್ಲ. ಮಾಟುಂಗ ಆ ಗೆರೆಯ ಒಳಗಿದೆ. ಈ ಅಂಚನ್ನು ನಾನು ಹೇಳಿಕೊಟ್ಟಿರಲಿಲ್ಲ. ಇಲ್ಲದ ಒಂದು ವಸ್ತುವಿನಿಂದ ಅವಳೇ ಊರನ್ನು ಗುರುತಿಸಿದಳು. ಹೀಗೆ ಕಾಣಬೇಕಾದರೆ ನಡೆಯಬೇಕು, ಅದಕ್ಕೂ ಮೊದಲು ಹೊತ್ತು ಇರಬೇಕು.

ಸ್ಟೇಷನ್ನಿನ ಎದುರಿನ ಹೂವಿನ ಸಾಲಿನಲ್ಲೂ ಹಾಗೇ ಆಯಿತು. ಮಲ್ಲಿಗೆ, ಅಬ್ಬಲಿಗೆ, ಬಾಳೆಎಲೆಯ ಸುರುಳಿಗಳು. ಹೂವಾಡಗಿತ್ತಿ ಮೊಳ ಹಾಕಿ ಅಳೆಯುವುದನ್ನು ಮಗಳು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಿವಿಯಲ್ಲಿ, ‘ಇವ್ರ ಕೈ ಸಣ್ಣದೈತಿ, ಬಾಜೂಕಿನವ್ರ ಹತ್ರ ತಗೋ’ ಎಂದಳು. ವಸೂಲಿ ಬುದ್ಧಿ ವಂಶದಲ್ಲೇ ಹರಿಯುತ್ತದೆ.

ಈಗ ಇಡ್ಲಿಯ ಆಕ್ಷೇಪಣೆಗೆ ಬರುತ್ತೇನೆ. ಮುಂಬಯಿಗೆ ಹೋಗಿ ನಮ್ಮದೇ ತಿಂಡಿ ತಿನ್ನುವುದರಲ್ಲಿ ಮಗುವಿಗೆ ಹೊಸದೇನು ಸಿಕ್ಕಿತು? ಮೇಲ್ನೋಟಕ್ಕೆ ಗಟ್ಟಿ ಪ್ರಶ್ನೆ. ಆದರೆ ಮಾಟುಂಗದ ಇಡ್ಲಿ ನಮ್ಮದೇ ಎಂದು ಯಾರು ಹೇಳಿದರು? ಇಲ್ಲಿನ ಹೋಟೆಲುಗಳ ವಯಸ್ಸು ನೋಡಿ: ಮೈಸೂರು ಕೆಫೆ 1936, ರಾಮಾಶ್ರಯ 1939, ಕೆಫೆ ಮದ್ರಾಸ್ 1940, ಸ್ಟೇಷನ್ನಿನ ಮಗ್ಗುಲಲ್ಲಿ ಮಾಳಿಗೆಯ ಮೇಲಿರುವ ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ 1942. ಹೆಸರಿನಲ್ಲಿ ಮೈಸೂರು, ಮದ್ರಾಸ್, ಉಡುಪಿ; ನಡೆಸಿದವರು ಹೆಚ್ಚಾಗಿ ದಕ್ಷಿಣ ಕನ್ನಡ, ಉಡುಪಿ ಕಡೆಯ ಕೊಂಕಣಿ, ತುಳು, ಕನ್ನಡ ಮನೆಮಾತಿನವರು; ತಿನ್ನುವವರು ಗುಜರಾತಿಗಳು, ಮರಾಠಿಗರು, ಪಾರ್ಸಿಗಳು, ಎಲ್ಲರೂ. ಈ ಎಂಬತ್ತು ತೊಂಬತ್ತು ವರ್ಷಗಳಲ್ಲಿ ತಿಂಡಿಯೂ ಮುಂಬಯಿಯದಾಗಿದೆ. ಉದ್ದಿನ ವಡೆ ಮೆದುವಡಾ ಆಗಿದೆ. ಕೇಸರಿಬಾತು ಶೀರಾ ಆಗಿ ಅನಾನಸ್ ಹಾಕಿಕೊಂಡಿದೆ. ಮುಂಬಯಿಯ ‘ಮೈಸೂರು ಮಸಾಲೆ’ಯನ್ನು ಮೈಸೂರಿನವರ ಮುಂದಿಟ್ಟರೆ ಗುರುತು ಹಿಡಿಯಲಾರರು.

ಪೂರ್ತಿ ಅಪರಿಚಿತವಾದದ್ದರ ಮುಂದೆ ಮಗು ಒಂದೋ ಹೆದರುತ್ತದೆ, ಇಲ್ಲವೇ ನಿದ್ದೆ ಹೋಗುತ್ತದೆ. ಅರ್ಧ ಗೊತ್ತಿರುವುದು ಎದುರಾದಾಗ ತಾಳೆ ನೋಡಲು ಶುರುಮಾಡುತ್ತದೆ. ‘ನಮ್ಮ ಸಾಂಬಾರಿನಂಗಿಲ್ಲ, ಸಿಹಿ ಐತಿ’ ಎಂಬ ಅವಳ ತಕರಾರಿನಲ್ಲಿ ಎರಡು ಊರುಗಳ ಹೋಲಿಕೆಯಿದೆ; ಗೇಟ್‌ವೇ ಮುಂದೆ ಅವಳ ಬಾಯಿಂದ ಇಂಥ ಒಂದು ಮಾತೂ ಬಂದಿರಲಿಲ್ಲ. ಗದ್ದಲದ ಹೋಟೆಲುಗಳಲ್ಲಿ ಬಾಗಿಲಲ್ಲೇ ಹೆಸರು ಬರೆಸಿ ಕಾಯಬೇಕು. ನಾನು ಅವಳ ಹೆಸರನ್ನೇ ಬರೆಸಿದೆ. ಅರ್ಧ ಗಂಟೆ ರಸ್ತೆಯಲ್ಲಿ ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ಮುಂಬಯಿಯಲ್ಲಿ ತನ್ನ ಹೆಸರನ್ನು ಯಾರೋ ಕೂಗಲಿದ್ದಾರೆಂದು ಕಿವಿ ನೆಟ್ಟಗೆ ಮಾಡಿಕೊಂಡು ಕಾದಳು. ಕೂಗಿದಾಗ ಶಾಲೆಯ ಹಾಜರಿಗೆ ಉತ್ತರಿಸುವಂತೆ ‘ಎಸ್ಸ್’ ಎಂದಳು. ಸುತ್ತಲಿನವರು ನಕ್ಕರು.

ಒಳಗೆ ನಡುವಯಸ್ಸಿನ ಒಬ್ಬರು ಬಂದು, ನಮ್ಮ ಮಾತು ಕೇಳಿಸಿಕೊಂಡು, ‘ಎಂತ ಬೇಕು ಮಗಾ?’ ಎಂದರು. ಅವರು ಅತ್ತ ಹೋದ ಮೇಲೆ ಇವಳ ಪ್ರಶ್ನೆ: ‘ಎಂತ ಅಂದ್ರ ಏನವ್ವಾ?’ ಧಾರವಾಡದಲ್ಲಿ ಏಳು ವರ್ಷ ಬೆಳೆದ ಹುಡುಗಿ ಕುಂದಾಪುರದ ಕಡೆಯ ಕನ್ನಡವನ್ನು ಮೊದಲ ಸಲ ಎದುರುಬದುರಾಗಿ ಕೇಳಿದ್ದು ಮಹಾರಾಷ್ಟ್ರದ ರಾಜಧಾನಿಯಲ್ಲಿ. ನಮ್ಮ ರಾಜ್ಯದೊಳಗೆ ಇವರಿಬ್ಬರ ನಡುವೆ ಘಟ್ಟವಿದೆ. ಇಲ್ಲಿ ನಡುವೆ ಇದ್ದದ್ದು ಒಂದು ಬಟ್ಟಲು ರಸಮ್ಮು.

ಮುಂಬಯಿಯಲ್ಲಿ ಹೀಗೆ ಕನ್ನಡ ಎದುರಾಗುವುದು ಅಕಸ್ಮಾತ್ತೂ ಅಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜಂದಿರಿಗೆ ಮುಂಬಯಿ ರಾಜಧಾನಿ. ಧಾರವಾಡದ ಹೆಮ್ಮೆಯ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಹುಟ್ಟಿದ್ದೇ ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಮಾಟುಂಗದ ಭಾವೂ ದಾಜಿ ರಸ್ತೆಯಲ್ಲಿ 1926ರ ಮೈಸೂರು ಅಸೋಸಿಯೇಷನ್ ಇದೆ, ಹಳಿಯ ಆಚೆ ಮಾಟುಂಗ ರೋಡಿನ ಕಡೆ 1933ರ ಕರ್ನಾಟಕ ಸಂಘವಿದೆ. ಒಂದೇ ಭಾಷೆಯ ಎರಡು ಸಂಸ್ಥೆಗಳ ಹೆಸರುಗಳು ನಾಡು ಹೋಳಾಗಿದ್ದ ಕಾಲವನ್ನು ಇಂದಿಗೂ ಹೇಳುತ್ತವೆ. ಇದನ್ನೆಲ್ಲ ಮಗಳಿಗೆ ಹೇಳಿದೆನೇ? ಇಲ್ಲ. ಬೋರ್ಡು ಕನ್ನಡದಲ್ಲಿದೆಯಲ್ಲ ಎಂದು ಅವಳೇ ಓದಿದಳು. ಉಳಿದದ್ದು ಅವಳಿಗೆ ಇನ್ನು ಹತ್ತು ವರ್ಷಕ್ಕೆ.

ಒಂದು ಸಂಗತಿಯನ್ನು ಮಾತ್ರ ಹೇಳಿದೆ. ಹೇಳಬೇಕಿತ್ತೋ ಇಲ್ಲವೋ ಈಗಲೂ ಗೊತ್ತಿಲ್ಲ.

ಕರಾವಳಿಯ ಕೆಲವು ಕನ್ನಡಗಳಲ್ಲಿ ‘ಮಾಣಿ’ ಎಂದರೆ ಹುಡುಗ. ಹೋಟೆಲಿಗೆ ಬಂದ ಮೇಲೆ ಆ ಶಬ್ದ ಒಂದು ಕೆಲಸದ ಹೆಸರಾಯಿತು. ತಲೆ ನರೆತವನನ್ನೂ ಮಾಣಿ ಎಂದೇ ಕರೆದರು. ಶಬ್ದ ಹೀಗೆ ಬದಲಾಗಲು ಕಾರಣ ಆ ಕೆಲಸಕ್ಕೆ ಬರುತ್ತಿದ್ದವರು ನಿಜಕ್ಕೂ ಹುಡುಗರೇ ಆಗಿದ್ದದ್ದು. ಕಳೆದ ಶತಮಾನದ ಬಹುಭಾಗದಲ್ಲಿ, ಬೇಸಾಯದಿಂದ ಮನೆ ತುಂಬದ ಕರಾವಳಿಯ ಹಳ್ಳಿಗಳಿಂದ ಹತ್ತು ಹನ್ನೆರಡು ವರ್ಷದ ಮಕ್ಕಳು ಹಡಗಿನಲ್ಲೋ ಬಸ್ಸಿನಲ್ಲೋ, ಪರಿಚಯದವರ ಕೈ ಹಿಡಿದೋ ಮನೆ ಬಿಟ್ಟು ಓಡಿಯೋ ಮುಂಬಯಿಗೆ ಬಂದರು. ಲೋಟ ತೊಳೆದರು, ಮೇಜು ಒರೆಸಿದರು, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳ ಮೇಲೆ ಮಲಗಿದರು. ಅವರಿಗಾಗಿ ಕನ್ನಡದ ರಾತ್ರಿ ಶಾಲೆಗಳು ಹುಟ್ಟಿದವು. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ಕೋಟೆ ಪ್ರದೇಶದಲ್ಲಿ ಒಂದನ್ನು ತೆರೆದಿತ್ತು, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿ ಶಾಲೆ ಇತ್ತು, ಇನ್ನೂ ಹಲವಿದ್ದವು. ಹಗಲೆಲ್ಲ ದುಡಿದು, ಕೈಯಲ್ಲಿ ಸಾಬೂನಿನ ವಾಸನೆ ಇರುವಾಗಲೇ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮಾಡಿದವರು, ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಹೋಟೆಲಿಗೇ ಮಾಲೀಕರಾದವರು ಇದ್ದಾರೆ. ಏನೂ ಆಗದೆ ಹೋದವರು ಇನ್ನೂ ಹೆಚ್ಚು ಇದ್ದಾರು. ಅವರ ಸನ್ಮಾನ ಸಮಾರಂಭ ನಡೆಯುವುದಿಲ್ಲವಾದ್ದರಿಂದ ನಮಗೆ ಕಾಣುವುದಿಲ್ಲ. ಹೋಟೆಲುಗಳಲ್ಲಿ ಹದಿನಾಲ್ಕರ ಕೆಳಗಿನವರನ್ನು ದುಡಿಸುವುದು ನಿಷೇಧವಾದದ್ದು 2006ರ ಅಕ್ಟೋಬರಿನಲ್ಲಿ, ಎಂದರೆ ಮೊನ್ನೆ ಮೊನ್ನೆ.

ಮುಂಬಯಿ ಕನ್ನಡಿಗರ ಕಥೆಯನ್ನು ನಾವು ಸಾಮಾನ್ಯವಾಗಿ ಸಾಹಸದ ಕಥೆಯಾಗಿ ಹೇಳುತ್ತೇವೆ. ನನಗೆ ಅದು ಮಕ್ಕಳ ಕಥೆ ಎನಿಸುತ್ತದೆ. ಸ್ವಲ್ಪ ದಿನ ದುಡಿದು ಊರಿಗೆ ಹಿಂತಿರುಗುತ್ತೇನೆಂದು ಬಂದ ಮಗುವಿನ ಆ ತಂಗುವಿಕೆ ಐವತ್ತು ವರ್ಷ ನಡೆಯಿತು. ಆ ಮಗುವಿಗೂ ಯಾರಾದರೂ ಮುಂಬಯಿ ತೋರಿಸಿದ್ದರೇ?

ಇಷ್ಟನ್ನು ನಾನು ಎರಡು ವಾಕ್ಯದಲ್ಲಿ ಹೇಳಿದ್ದು: ಮೊದಲು ಇಲ್ಲಿ ನಿನಗಿಂತ ಸ್ವಲ್ಪ ದೊಡ್ಡ ಹುಡುಗರು ಲೋಟ ತೊಳೆಯುತ್ತಿದ್ದರು, ರಾತ್ರಿ ಶಾಲೆಗೆ ಹೋಗುತ್ತಿದ್ದರು ಎಂದು. ಅವಳು ಚಮಚ ಕೆಳಗಿಟ್ಟಳು.

‘ಅವ್ರ ಅವ್ವ ಎಲ್ಲಿದ್ಲು?’

‘ಊರಾಗ.’

‘ಮತ್ತ ಜ್ವರ ಬಂದ್ರ?’

ನನ್ನ ಬಳಿ ಉತ್ತರವಿರಲಿಲ್ಲ. ಹೋಟೆಲಿನ ಸದ್ದು ಹಾಗೇ ನಡೆದಿತ್ತು. ಅವಳು ಉಳಿದ ಇಡ್ಲಿ ಮುಗಿಸಿದಳು. ಏಳುವಾಗ ಲೋಟವನ್ನು ತಟ್ಟೆಯೊಳಗೆ ಇಟ್ಟಳು. ಮನೆಯಲ್ಲಿ ಎಷ್ಟು ಹೇಳಿದರೂ ಮಾಡದ ಕೆಲಸ.

ಮಾಟುಂಗದ ಪರವಾಗಿ ಇಷ್ಟು ವಾದಿಸಿದ ಮೇಲೆ ಅದರ ವಿರುದ್ಧದ ಮಾತುಗಳನ್ನೂ ಎದುರಿಸಬೇಕು. ಎರಡು ಮುಖ್ಯವಾದವು. ಒಂದು, ಇದು ಮುಂಬಯಿಯ ಸುಖದ ಮೂಲೆ. ದೇವಸ್ಥಾನ, ಸಂಗೀತ ಸಭೆ, ಕಾಲೇಜು, ಫಿಲ್ಟರ್ ಕಾಫಿ, ಅಚ್ಚುಕಟ್ಟಾದ ಸಸ್ಯಾಹಾರ. ಮೇಲ್ಜಾತಿಯ, ಓದಿಕೊಂಡ ದಕ್ಷಿಣದವರು ತಮಗೆ ಬೇಕಾದಂತೆ ಕಟ್ಟಿಕೊಂಡ ಊರು. ಹಳಿ ದಾಟಿ ಉತ್ತರಕ್ಕೆ ಹೋದರೆ ಧಾರಾವಿ. ಅಲ್ಲಿಗೂ ದಕ್ಷಿಣದವರೇ ಬಂದರು. ತಿರುನೆಲ್ವೇಲಿಯ ಚರ್ಮದ ಕೆಲಸದವರು ಬಂದರು. ಅವರಿಗೆ ಟ್ರಸ್ಟು ರಸ್ತೆ ಎಳೆಯಲಿಲ್ಲ, ಮರ ನೆಡಲಿಲ್ಲ. ಮಗುವಿಗೆ ಮಾಟುಂಗವೊಂದನ್ನೇ ತೋರಿಸಿ ಇದು ಮುಂಬಯಿ ಎಂದರೆ ಸುಳ್ಳು ಹೇಳಿದಂತೆಯೇ. ಒಪ್ಪಿದೆ. ಆದರೆ ಟ್ಯಾಕ್ಸಿಯಲ್ಲಿ ಕಂಡ ಮರೀನ್ ಡ್ರೈವ್ ಇದಕ್ಕಿಂತ ದೊಡ್ಡ ಸುಳ್ಳು. ನಾಲ್ಕು ಗಂಟೆಯಲ್ಲಿ ಊರಿನ ಪೂರ್ತಿ ಸತ್ಯ ಯಾರಿಗೂ ಸಿಗುವುದಿಲ್ಲ. ಜೆಡ್ ಬ್ರಿಜ್ಜಿನ ಮೇಲೆ ನಿಂತು, ಇತ್ತ ಮರಗಳಿರುವ ಊರು, ಅತ್ತ ತಗಡಿನ ಮಾಡುಗಳಿರುವ ಊರು, ಯಾಕೆ ಹೀಗೆ ಎಂದು ಮಗು ಕೇಳಿದರೆ ಹಾರಿಕೆಯ ಉತ್ತರ ಕೊಡದಿರುವುದು ನಮ್ಮ ಕೈಲಾದ ಸತ್ಯ. ಬಡತನವನ್ನೂ ಒಂದು ‘ನೋಡಬೇಕಾದ ಸ್ಥಳ’ ಮಾಡಿ ಮಕ್ಕಳನ್ನು ಕರೆದೊಯ್ಯುವ ಪ್ರವಾಸಗಳು ನನಗೆ ಒಗ್ಗುವುದಿಲ್ಲ, ಅದೂ ವಸೂಲಿಯೇ.

ಎರಡನೆಯದು ಸಮುದ್ರ. ಇಲ್ಲಿ ನಾನು ಸೋಲುತ್ತೇನೆ. ಧಾರವಾಡದ ಮಗುವಿಗೆ ಸಮುದ್ರ ಎಂದರೆ ಸಮುದ್ರವೇ. ಅದಕ್ಕೆ ಹಿನ್ನೆಲೆಯ ಕಥೆ ಬೇಕಾಗಿಲ್ಲ, ಪ್ರಸಿದ್ಧಿ ಬೇಕಾಗಿಲ್ಲ. ಮಾಟುಂಗದಲ್ಲಿ ಅದಿಲ್ಲ. ನೀರಿನ ಹೆಸರಿನಲ್ಲಿ ಇಲ್ಲಿರುವುದು ಒಂದು ವಿಚಿತ್ರ: ಕಿಂಗ್ಸ್ ಸರ್ಕಲ್ ಬಳಿ ಫ್ಲೈಓವರಿನ ಅಡಿಯಲ್ಲಿ 2016ರಲ್ಲಿ ತೆರೆದ ನಾನಾಲಾಲ್ ಡಿ. ಮೆಹ್ತಾ ಉದ್ಯಾನ, ಅದರ ಕಾಲುದಾರಿಯನ್ನು ನರ್ಮದಾ ನದಿಯ ತಿರುವುಗಳಂತೆ ಮಾಡಿದ್ದಾರೆ. ಮೇಲೆ ಲಾರಿಗಳು ಗುಡುಗುತ್ತವೆ, ಕೆಳಗೆ ಮಕ್ಕಳು ನರ್ಮದೆಯ ಮೇಲೆ ಓಡುತ್ತವೆ. ಕಸ, ಪಾರ್ಕಿಂಗುಗಳ ಪಾಲಾಗಬೇಕಿದ್ದ ಜಾಗವನ್ನು ಅಕ್ಕಪಕ್ಕದ ನಾಗರಿಕರು ಬೆನ್ನು ಹತ್ತಿ ಉದ್ಯಾನ ಮಾಡಿಸಿಕೊಂಡದ್ದು ಮೆಚ್ಚತಕ್ಕದ್ದೇ. ಆದರೆ ಅದು ಸಮುದ್ರವಲ್ಲ. ಬಿಡುವು ಹದಿನೈದು ಗಂಟೆಯಿದ್ದು, ಮಗು ಸಮುದ್ರ ಕಂಡಿಲ್ಲವೆಂದರೆ ಮಾಟುಂಗ ಬಿಟ್ಟು ದಂಡೆಗೆ ಹೋಗಿ, ಅಲ್ಲೇ ಕುಳಿತಿರಿ. ಬೇರೆಲ್ಲೂ ಹೋಗಬೇಡಿ.

ಮಳೆಗಾಲದಲ್ಲಂತೂ ನನ್ನ ಮಾತು ಕೇಳಬೇಡಿ. ಜೋರು ಮಳೆ ಬಂದರೆ ಮೊದಲು ನೀರು ನಿಲ್ಲುವುದು ಕಿಂಗ್ಸ್ ಸರ್ಕಲಿನ ಗಾಂಧಿ ಮಾರ್ಕೆಟಿನಲ್ಲೇ. ಸೋಮವಾರ ಇಲ್ಲಿನ ಹೆಸರಾಂತ ಹೋಟೆಲುಗಳಲ್ಲಿ ಕೆಲವಕ್ಕೆ ರಜೆ. ಭಾನುವಾರ ರೈಲ್ವೆಯವರ ಮೆಗಾ ಬ್ಲಾಕು. ಸೆಂಟ್ರಲ್ಲಿನಲ್ಲಿ ಅದು ಹೆಚ್ಚಾಗಿ ಬೀಳುವುದು ಮಾಟುಂಗದಿಂದ ಮುಲುಂಡಿನವರೆಗೇ. ಫಾಸ್ಟ್ ಲೋಕಲ್ ಇಲ್ಲಿ ನಿಲ್ಲುವುದಿಲ್ಲ, ಸ್ಲೋ ಹಿಡಿಯಬೇಕು. ಬೆಳಗಿನ ಹೊತ್ತು ಊರೆಲ್ಲ ದಕ್ಷಿಣಕ್ಕೆ ನುಗ್ಗುವಾಗ ದಾದರಿನಿಂದ ಮಾಟುಂಗಕ್ಕೆ ಉತ್ತರದ ಗಾಡಿ ಹಿಡಿಯುವುದರಿಂದ ನೂಕು ಕಡಿಮೆ. ಇದೊಂದು ನಿಜವಾದ ಲಾಭ. ಐದು ದಾಟಿದ ಮಕ್ಕಳಿಗೆ ಅರ್ಧ ಟಿಕೆಟ್. ಆ ಅರ್ಧ ಟಿಕೆಟನ್ನು ಮಗುವಿನ ಕೈಗೇ ಕೊಡಿ. ನನ್ನವಳು ಅದನ್ನು ದಿನವಿಡೀ ಮುಷ್ಟಿಯಲ್ಲಿ ಹಿಡಿದು ಬೆವರಿನಲ್ಲಿ ಮೆತ್ತಗೆ ಮಾಡಿದಳು. ಮಾಟುಂಗ ಸ್ಟೇಷನ್ನನ್ನು 2017ರ ಜುಲೈಯಲ್ಲಿ ಪೂರ್ತಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಿದ್ದರು, ಮಾಸ್ತರರಿಂದ ಹಿಡಿದು ಟಿಕೆಟ್ ಕೊಡುವವರವರೆಗೆ. ಅದನ್ನು ಮಗಳಿಗೆ ಬಹಳ ಉತ್ಸಾಹದಿಂದ ಹೇಳಿದೆ. ‘ಹಂಗಾರ ಮೊದ್ಲ ಯಾರಿದ್ರು?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ತೂಕದ ಯಂತ್ರದ ಕಡೆ ಓಡಿದಳು.

ಅವಳಿಗೆ ದಿನದ ಯೋಜನೆ ಮಾಡಲು ಬಿಟ್ಟಿರಲಿಲ್ಲ, ಹಾಗೆ ಬಿಡುವುದರಲ್ಲಿ ನನಗೆ ನಂಬಿಕೆಯೂ ಇಲ್ಲ. ಏಳು ವರ್ಷದವರಿಗೆ ಮುಂಬಯಿಯನ್ನು ಕೈಗಿಟ್ಟು ‘ಆರಿಸು’ ಎಂದರೆ ಅದು ಸ್ವಾತಂತ್ರ್ಯವಲ್ಲ, ಭಾರ. ಎಲ್ಲಿ ಇಳಿಯುವುದು, ಎಲ್ಲಿ ಉಣ್ಣುವುದು, ಎಷ್ಟಕ್ಕೆ ಹೊರಡುವುದು ನನ್ನ ಕೆಲಸ. ಎಲ್ಲಿ ನಿಲ್ಲುವುದು, ಎಷ್ಟು ಹೊತ್ತು ನಿಲ್ಲುವುದು ಅವಳದು. ಹೂವಿನವಳ ಮುಂದೆ ಇಪ್ಪತ್ತು ನಿಮಿಷ ಹೋಯಿತು. ಕಾಫಿಪುಡಿ ಬೀಸುವ ಅಂಗಡಿಯ ಮುಂದೆ ಹತ್ತು. ಒಂದು ದೇವಸ್ಥಾನದ ಮೆಟ್ಟಿಲ ಮೇಲೆ ಮಲಗಿದ್ದ ನಾಯಿಗೆ ಲೆಕ್ಕವಿಲ್ಲ. ಸುಮ್ಮನೆ ನಿಂತಿರುವುದು ನನಗೆ ಅವಳಷ್ಟು ಸುಲಭವಾಗಿರಲಿಲ್ಲ. ಕೈ ಎರಡು ಮೂರು ಸಲ ಮೊಬೈಲಿನ ಕಡೆ ಹೋಯಿತು, ಹತ್ತಿರದಲ್ಲಿ ಇನ್ನೇನಿದೆ ಎಂದು ಹುಡುಕಲು.

ಸಂಜೆ ಸೇತುವೆ ದಾಟಿ ಮಾಟುಂಗ ರೋಡಿಗೆ ಬಂದು, ದಾದರಿನಲ್ಲಿ ಚೀಲ ಬಿಡಿಸಿಕೊಂಡು, ಮತ್ತೆ ಉತ್ತರದ ಲೋಕಲ್ ಹಿಡಿದೆವು. ಸ್ವಲ್ಪ ಹೊತ್ತಿನ ಹಿಂದೆ ನಾವು ನಿಂತಿದ್ದ ಸೇತುವೆಯ ಹತ್ತಿರವೇ ಗಾಡಿ ಹಾದುಹೋಯಿತು. ಮೇಲೆ ಯಾರೋ ನಿಂತಿದ್ದರು. ಇವಳು ಕೈ ಬೀಸಿದಳು, ಅವರು ನೋಡಲಿಲ್ಲ.

ಬಾಂದ್ರಾ ಟರ್ಮಿನಸ್ಸಿನಲ್ಲಿ ಗಾಡಿ ಹೊರಟ ಮೇಲೆ ಲಿಂಚ್ ನೆನಪಾದ. ಒಂದು ಕಾಗದ, ಪೆನ್ನು ಕೊಟ್ಟು, ಇವತ್ತು ನೋಡಿದ ಊರಿನ ನಕ್ಷೆ ಬರಿ ಎಂದೆ. ಬಾಳೆಎಲೆ ಒಂದು ಪೂರ್ತಿ ಮೂಲೆ ತುಂಬಿತು. ಒಂದು ನಾಯಿ, ಹೋಟೆಲಿನ ಎತ್ತರಕ್ಕೆ. ಬಾಗಿಲಲ್ಲಿ ಹೆಸರು ಕೂಗುವವರು, ಅವರ ಬಾಯಿಂದ ಹೊರಟ ಅವಳ ಹೆಸರು. ಒಂದು ಬದಿಗೆ ಸಣ್ಣದೊಂದು ಮೇಜು, ಅದರ ಮೇಲೆ ಮಲಗಿದ ಒಬ್ಬ ಹುಡುಗ. ಅವನ ಹಣೆಯ ಮೇಲೆ ಒದ್ದೆ ಬಟ್ಟೆ. ನಡುವೆ ಉದ್ದಕ್ಕೆ ಸೇತುವೆ. ಜೆಡ್ ತಿರುವುಮುರುವಾಗಿತ್ತು. ಇದನ್ನು ಸರಿ ಮಾಡು ಎನ್ನುವಷ್ಟರಲ್ಲಿ ಬೋರಿವಲಿ ಬಂತು, ಮೇಲಿನ ಬರ್ತಿನವರು ಚೀಲ ಸರಿಸಿ ಎಂದರು.